ನಾಗಲಿಂಗ ಮರ ಬೋಳಾಗಿದೆಯಾ? ಮೊದಲು ನೀರಿನ ಪೈಪು ಕೆಳಗಿಡಿ

ನಮ್ಮ ಮನೆಯ ಹಿಂದೆ ಈಗಿರುವುದು ಎರಡನೆಯ ನಾಗಲಿಂಗ ಮರ. ಮೊದಲನೆಯದನ್ನು ನಾನೇ ಕೊಂದೆ. ಕೊಡಲಿ ಹಾಕಿ ಅಲ್ಲ, ನೀರು ಹಾಕಿ.

ಮೈಸೂರಿನ ಹೊರಗಿನ ಬಡಾವಣೆಯಲ್ಲಿ ನಮ್ಮ ಮನೆ. ಮೂಲೆ ಸೈಟಾದ್ದರಿಂದ ಹಿತ್ತಿಲು ಸ್ವಲ್ಪ ದೊಡ್ಡದು. ನೆರಳಿಗೆ ಏನಾದರೂ ಅಪರೂಪದ ಮರ ಬೇಕು ಎಂದು ನರ್ಸರಿಯಿಂದ ನಾಗಲಿಂಗದ ಸಸಿ ತಂದು ನೆಟ್ಟಿದ್ದೆ. ನಾಲ್ಕು ವರ್ಷಕ್ಕೆ ಎರಡಾಳು ಎತ್ತರ ಬಂತು. ಆಮೇಲೆ ಒಂದು ಫೆಬ್ರವರಿಯಲ್ಲಿ ಎಲೆಗಳು ಹಳದಿಯಾಗಿ ಉದುರತೊಡಗಿದವು. ಐದಾರು ದಿನದಲ್ಲಿ ಮರ ಪೂರ್ತಿ ಬೋಳು. ಬಿಸಿಲಿಗೆ ಒಣಗಿತು ಅಂದುಕೊಂಡೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಪೈಪು ಬಿಟ್ಟೆ. ಶಕ್ತಿ ಬರಲಿ ಅಂತ ಬುಡಕ್ಕೆ ಎರಡು ಹಿಡಿ ಯೂರಿಯಾ. ಒಂದು ವಾರಕ್ಕೆ ಚಿಗುರು ಬಂತು. ನನ್ನ ಔಷಧಿ ಕೆಲಸ ಮಾಡಿತು ಎಂದು ಇನ್ನಷ್ಟು ನೀರು ಬಿಟ್ಟೆ. ಆ ಚಿಗುರು ಬೆರಳುದ್ದ ಆಗುವಷ್ಟರಲ್ಲಿ ಕಪ್ಪಾಗಿ ಜೋತುಬಿತ್ತು. ಏಪ್ರಿಲ್‌ನಲ್ಲಿ ಮರ ಕಿತ್ತೆವು. ಬೇರುಗಳು ಇದ್ದಿಲ ಬಣ್ಣ. ಎಳೆದರೆ ಸಿಪ್ಪೆ ಕೈಗೆ ಬರುತ್ತಿತ್ತು, ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಮಣ್ಣು ಚರಂಡಿಯ ಹಾಗೆ ನಾರುತ್ತಿತ್ತು.

ಮರ ಸತ್ತ ಮೇಲೆ ನಮ್ಮ ಹತ್ತಿರದ ಶಿವನ ಗುಡಿಗೆ ಹೋದಾಗ, ಅಲ್ಲಿನ ದೊಡ್ಡ ನಾಗಲಿಂಗ ಮರದ ಕೆಳಗೆ ಮೊಣಕಾಲೆತ್ತರ ತರಗೆಲೆ. ಮರ ಬೋಳು. ಅರ್ಚಕರನ್ನು ಕೇಳಿದೆ. “ಅದು ಹಂಗೇ ಸಾರ್, ವರ್ಷದಲ್ಲಿ ಎರಡು ಸಲ ಉದುರಿಸತ್ತೆ. ನಮಗೆ ಗುಡಿಸೋ ಕೆಲಸ ಅಷ್ಟೆ” ಎಂದರು. ಮುಂದಿನ ಸೋಮವಾರ ಹೋದರೆ ಮರದ ತುಂಬ ಎಳೆಹಸಿರು.

ಅವತ್ತು ತಿಳಿದದ್ದು ಇಷ್ಟು: ನನ್ನ ಮರಕ್ಕೆ ಏನೂ ಆಗಿರಲೇ ಇಲ್ಲ. ಆದದ್ದೆಲ್ಲ ನಾನು ಮಾಡಿದ ಚಿಕಿತ್ಸೆಯಿಂದ. ಅದಕ್ಕೇ ಈ ಬರಹದಲ್ಲಿ ಮೊದಲು ನೋಡುವುದು, ಆಮೇಲೆ ಕೈ ಹಾಕುವುದು. ನೋಡುವ ಕೆಲಸವೇ ಜಾಸ್ತಿ.

ಮರದ ತವರು ಯಾವುದು

ಹೆಸರು ಕೇಳಿದರೆ ಪುರಾಣ ಕಾಲದಿಂದ ಇಲ್ಲೇ ಇದ್ದ ಮರ ಅನಿಸುತ್ತದೆ. ಹೂವಿನ ನಡುವೆ ಪುಟ್ಟ ಲಿಂಗ, ಅದರ ಮೇಲೆ ಹೆಡೆ ಎತ್ತಿದ ನಾಗರ, ಸುತ್ತ ಕೈಮುಗಿದು ನಿಂತ ಹಾಗೆ ಕೇಸರಗಳು. ಶಿವನ ಗುಡಿಗೆ ಹೇಳಿ ಮಾಡಿಸಿದಂತಿದೆ. ಆದರೆ ಮರ ದಕ್ಷಿಣ ಅಮೆರಿಕದ ಉತ್ತರ ಭಾಗದ್ದು, ಅಮೆಜಾನ್ ಮತ್ತು ಗಯಾನಾ ಕಡೆಯ ಮಳೆಕಾಡಿನದು. ಫ್ರೆಂಚ್ ಸಸ್ಯಶಾಸ್ತ್ರಜ್ಞ ಆಬ್ಲೆ 1775ರಲ್ಲಿ ಇದನ್ನು ಮೊದಲು ವಿವರಿಸಿದ. ಅವನಿಟ್ಟ ಹೆಸರು ಕೂರೂಪಿಟಾ ಗಯಾನೆನ್ಸಿಸ್. ಫಿರಂಗಿ ಗುಂಡಿನಂಥ ಕಾಯಿ ಬಿಡುವುದರಿಂದ ಇಂಗ್ಲಿಷಿನವರು ಕ್ಯಾನನ್‌ಬಾಲ್ ಮರ ಎನ್ನುತ್ತಾರೆ. ಶ್ರೀಲಂಕಾದಲ್ಲಿ ಬೌದ್ಧರು ಇದನ್ನೇ ಸಾಲವೃಕ್ಷ ಎಂದು ವಿಹಾರಗಳಲ್ಲಿ ನೆಡುತ್ತಾರೆ, ನಿಜವಾದ ಸಾಲ ಬೇರೆಯೇ ಮರ. ಪುದುಚೇರಿಗೆ ಇದು ರಾಜ್ಯದ ಹೂವು. ಎಲ್ಲಿಂದಲೋ ಬಂದು ಎಲ್ಲರಿಗೂ ನೆಂಟನಾದ ಮರ.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ತವರು ಗೊತ್ತಾದರೆ ಅರ್ಧ ದೋಷ ಗೊತ್ತಾಗುತ್ತದೆ. ಅಲ್ಲಿ ವರ್ಷಕ್ಕೆ 2,000 ಮಿ.ಮೀ.ಗಿಂತ ಜಾಸ್ತಿ ಮಳೆ. ನಮ್ಮ ಮೈಸೂರಿಗೆ ಸುಮಾರು 800. ಹಾಗಾದರೆ ನೀರು ಸುರಿಯಬೇಕಲ್ವಾ ಎಂದು ಕೇಳಬಹುದು. ನಾನೂ ಹಾಗೇ ಲೆಕ್ಕ ಹಾಕಿದ್ದೆ. ಕಾಡಿನ ನೆಲ ಸಡಿಲ. ಮೇಲೆ ತರಗೆಲೆಯ ಹಾಸು, ಬಿದ್ದ ನೀರು ಇಳಿದು ಹೋಗುತ್ತದೆ. ನಮ್ಮ ಹಿತ್ತಿಲು ಲಾರಿ, ಜೆಸಿಬಿ ಓಡಾಡಿ ಗಟ್ಟಿಯಾದ ನೆಲ. ಬಿದ್ದ ನೀರು ಗುಂಡಿಯಲ್ಲೇ ನಿಲ್ಲುತ್ತದೆ. ಈ ಮರಕ್ಕೆ ತೇವ ಬೇಕು, ನಿಂತ ನೀರು ಬೇಡ.

ಬೋಳಾದ ಮರ: ಸಹಜವೋ, ಕಾಯಿಲೆಯೋ

ಕೆಳಗೆ ಬಿದ್ದ ಎಲೆಯಿಂದ ಶುರು ಮಾಡಿ. ಹತ್ತು ಎಲೆ ಆಯ್ದು ಅಂಗೈ ಮೇಲೆ ಹರಡಿ. ಸಹಜವಾಗಿ ಉದುರಿದ್ದರೆ ಎಲೆ ಇಡಿಯಾಗಿ ಹಳದಿಯಾಗಿ ತೊಟ್ಟಿನ ಬುಡದಲ್ಲಿ ಚೊಕ್ಕವಾಗಿ ಕಳಚಿರುತ್ತದೆ. ಬಾಳೆಗೊನೆಯಿಂದ ಹಣ್ಣು ಬಿಟ್ಟ ಹಾಗೆ. ಕಾಯಿಲೆಯ ಎಲೆ ಹೀಗಿರುವುದಿಲ್ಲ. ಅಂಚು ಸುಟ್ಟಿರುತ್ತದೆ, ಕಂದು ಮಚ್ಚೆ ಇರುತ್ತದೆ, ಅಥವಾ ಹಸಿರಿರುವಾಗಲೇ ಬಾಡಿ ಸುರುಟಿರುತ್ತದೆ. ಎಲೆ ಒಣಗಿಯೂ ಕೊಂಬೆಗೆ ಅಂಟಿಕೊಂಡೇ ಇದ್ದರೆ ಇನ್ನೂ ಕೆಟ್ಟ ಲಕ್ಷಣ. ಎಲೆಯನ್ನು ಕಳಚುವುದಕ್ಕೂ ಕೊಂಬೆಯಲ್ಲಿ ಜೀವ ಬೇಕು. ಜೀವ ಹೋದ ಕೊಂಬೆ ಎಲೆ ಬಿಡುವುದಿಲ್ಲ.

ಆಮೇಲೆ ಕೊಂಬೆಯ ತುದಿ. ನಾಗಲಿಂಗದ ಎಲೆಗಳು ತುದಿಯಲ್ಲಿ ಗೊಂಚಲಾಗಿ ಬರುತ್ತವೆ. ಹಾಗಾಗಿ ಮುಂದಿನ ಚಿಗುರಿನ ಮೊಗ್ಗೂ ಅಲ್ಲೇ. ಒಂದು ಕೊಂಬೆ ಬಗ್ಗಿಸಿ ತುದಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ. ತುಂಬಿಕೊಂಡು ಗಟ್ಟಿಯಾಗಿದ್ದರೆ ನೆಮ್ಮದಿಯಾಗಿ ಒಳಗೆ ಹೋಗಿ ಕಾಫಿ ಕುಡಿಯಿರಿ. ಟೊಳ್ಳಾಗಿ ಪುಡಿಯಾದರೆ ಅಥವಾ ಸುಕ್ಕುಗಟ್ಟಿದ್ದರೆ ಮುಂದಿನ ಪರೀಕ್ಷೆಗೆ ಹೋಗಿ.

ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು ಪದರ, ಕೈಗೆ ತಂಪು, ಅಂದರೆ ಜೀವ ಇದೆ. ಕಂದು ಬಣ್ಣ, ಒಣ ಪುಡಿ ಬಂದರೆ ಆ ಜಾಗ ಸತ್ತಿದೆ. ತುದಿಯಿಂದ ಕೆಳಗೆ ಗೇಣುಗೇಣಿಗೊಂದು ಕಡೆ ಕೆರೆಯುತ್ತಾ ಬನ್ನಿ. ಹಸಿರು ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೆ ಮರ ಉಳಿದಿದೆ. ತುದಿ ಮಾತ್ರ ಸತ್ತಿದ್ದರೆ ಗಾಬರಿ ಬೇಡ. ಎದೆಮಟ್ಟದವರೆಗೂ ಕಂದು ಇದ್ದರೆ ಬೇರಿನಲ್ಲಿ ತೊಂದರೆ ಇದೆ ಎಂದೇ ತಿಳಿಯಿರಿ.

ಮೂರೂ ಸರಿಯಿದ್ದರೆ ಕ್ಯಾಲೆಂಡರಿನಲ್ಲಿ ಇವತ್ತಿನ ದಿನಕ್ಕೆ ಗುರುತು ಹಾಕಿ ಸುಮ್ನಿರಿ. ಹದಿನೈದು ದಿನ. ನಮ್ಮ ಮರ ಸಾಮಾನ್ಯವಾಗಿ ಎಂಟರಿಂದ ಹತ್ತು ದಿನದಲ್ಲಿ ಚಿಗುರುತ್ತದೆ. ಈ ಅವಧಿಯಲ್ಲಿ ನೀರು ಮಾಮೂಲಿಗಿಂತ ಕಮ್ಮಿ ಸಾಕು. ಎಲೆಯೇ ಇಲ್ಲದ ಮೇಲೆ ಮರ ನೀರು ಕುಡಿದು ಎಲ್ಲಿಂದ ಬಿಡಬೇಕು? ಮೊದಲ ಮರದ ವಿಷಯದಲ್ಲಿ ನನಗೆ ಹೊಳೆಯದೇ ಹೋದದ್ದು ಈ ಸಣ್ಣ ವಿಷಯ. ಗೊಬ್ಬರವಂತೂ ಬೇಡವೇ ಬೇಡ.

ಎರಡು ಎಚ್ಚರಿಕೆ. ಪಕ್ಕದ ಬೀದಿಯ ಮರ ಹಸಿರಾಗಿದೆ, ನಮ್ಮದು ಬೋಳಾಗಿದೆ ಎಂದು ಹೋಲಿಸಬೇಡಿ. ಗುಡಿಯ ಮರಕ್ಕೂ ನಮ್ಮ ಮರಕ್ಕೂ ಒಂದೂವರೆ ಕಿಲೋಮೀಟರ್ ದೂರ, ಉದುರುವ ಹೊತ್ತು ಬೇರೆ ಬೇರೆ. ಇನ್ನೊಂದು, ಮೊಣಕಾಲೆತ್ತರದ ಸಸಿ ಬೋಳಾದರೆ ಸಹಜ ಎಂದು ಬಿಡಬೇಡಿ. ನಾನು ಬೆಳೆಸಿದ ಸಸಿಗಳಲ್ಲಿ ಮೊದಲೆರಡು ವರ್ಷ ಹೀಗೆ ಪೂರ್ತಿ ಉದುರಿದ್ದು ಒಂದೂ ಇಲ್ಲ. ಉದುರಿದವಕ್ಕೆಲ್ಲ ಬೇರೆ ಕಾರಣವೇ ಸಿಕ್ಕಿತು.

ಎಲೆ ಇದೆ, ಆದರೆ ಜೋತುಬಿದ್ದಿದೆ

ಇಲ್ಲಿ ಎಲ್ಲರೂ ಎಡವುತ್ತಾರೆ. ನೀರು ಕಮ್ಮಿಯಾದರೂ ಎಲೆ ಜೋಲುತ್ತದೆ, ನೀರು ಜಾಸ್ತಿಯಾದರೂ ಜೋಲುತ್ತದೆ. ಬೇರು ಕೊಳೆತರೆ ಸುತ್ತ ನೀರಿದ್ದರೂ ಎಳೆದುಕೊಳ್ಳಲಾಗುವುದಿಲ್ಲ. ಮೇಲಿಂದ ನೋಡಿ ಹೇಳಲು ಬರುವುದಿಲ್ಲ, ಮಣ್ಣು ತೆಗೆದೇ ನೋಡಬೇಕು.

ಬುಡದಿಂದ ಎರಡಡಿ ಆಚೆ, ಹಾರೆಯಿಂದ ಒಂದಡಿ ಆಳದ ತೂತು ಮಾಡಿ. ತಳದ ಮಣ್ಣು ಒಂದು ಹಿಡಿ ತೆಗೆದು ಉಂಡೆ ಕಟ್ಟಿ. ಕಟ್ಟಲು ಬರದೆ ಉದುರಿದರೆ ಒಣಗಿದೆ. ಉಂಡೆ ನಿಂತು, ಬೆರಳಲ್ಲಿ ಒತ್ತಿದರೆ ಒಡೆದರೆ ಹದ ಸರಿಯಿದೆ. ಹಿಂಡಿದರೆ ನೀರು ಜಿನುಗಿದರೆ ಜಾಸ್ತಿಯಾಗಿದೆ. ಆಮೇಲೆ ಮೂಸಿ ನೋಡಿ, ನಾಚಿಕೆ ಬೇಡ. ಒಳ್ಳೆಯ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಗಾಳಿ ಆಡುತ್ತಿಲ್ಲ.

ತೂತಿನಲ್ಲಿ ಒಂದು ಸಣ್ಣ ಬೇರೂ ಸಿಗಬಹುದು. ಬಿಳಿ ಅಥವಾ ತಿಳಿಗಂದು ಇದ್ದು, ಮುರಿದರೆ ಟಕ್ಕೆನ್ನಬೇಕು. ಕಪ್ಪಾಗಿದ್ದು ಸಿಪ್ಪೆ ಜಾರಿ ಬಂದರೆ ಕೊಳೆ ಶುರುವಾಗಿದೆ.

ನೀರು ಇಳಿಯುತ್ತದೋ ಇಲ್ಲವೋ ತಿಳಿಯಲು ಇನ್ನೊಂದು ಕೆಲಸ ಮಾಡಿ. ಒಂದಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಳಿದ ಮೇಲೆ ಮತ್ತೆ ತುಂಬಿಸಿ. ಎರಡನೆಯ ಸಲದ್ದೇ ಲೆಕ್ಕ, ಮೊದಲ ಸಲ ಒಣ ಮಣ್ಣು ಹೀರಿಕೊಂಡುಬಿಡುತ್ತದೆ. ಮೂರು ನಾಲ್ಕು ಗಂಟೆಯಲ್ಲಿ ಇಳಿದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಜಾಗದಲ್ಲಿ ನಾಗಲಿಂಗ ಬದುಕುವುದು ಕಷ್ಟ. ನಮ್ಮ ಮೊದಲ ಮರದ ಗುಂಡಿಯಲ್ಲಿ, ಮರ ಕಿತ್ತ ಮೇಲೆ, ನೀರು ಎರಡು ದಿನ ನಿಂತಿತ್ತು. ನೆಡುವ ಮುಂಚೆ ಒಂದು ಬಕೆಟ್ ನೀರು ಸುರಿದು ನೋಡಿದ್ದರೆ ನಾಲ್ಕು ವರ್ಷ ಉಳಿಯುತ್ತಿತ್ತು.

ನೀರು ನಿಂತದ್ದೇ ದೋಷ ಎಂದು ಗೊತ್ತಾದರೆ ಏನು ಮಾಡಬೇಕು? ನೀರು ಹಾಕುವುದನ್ನು ಬಿಡಿ. ಬುಡದ ಪಾತಿ ಒಡೆದು ಹಾಕಿ. ತಗ್ಗಿನ ಕಡೆಗೆ ಒಂದು ಕಾಲುವೆ ತೆಗೆಯಿರಿ, ಗುಂಡಿಯ ತಳಕ್ಕಿಂತ ಕೆಳಗೆ ಹೋಗಬೇಕು. ಬುಡದ ಸುತ್ತ ಹಾರೆಯಿಂದ ಅಲ್ಲಲ್ಲಿ ಆಳವಾಗಿ ಚುಚ್ಚಿ, ತೂತಿಗೆ ದಪ್ಪ ಮರಳು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿ. ಗೊಬ್ಬರದಲ್ಲಿ ಟ್ರೈಕೋಡರ್ಮಾ (ಬೇರು ಕೊಳೆಸುವ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಬೆರೆಸಿದರೆ ಒಳ್ಳೆಯದು, ಆದರೆ ಅದನ್ನೇ ನಂಬಿ ಕೂರಬೇಡಿ. ನೀರು ಹೊರಗೆ ಹೋಗದಿದ್ದರೆ ಯಾವ ಪುಡಿಯೂ ಕೆಲಸಕ್ಕೆ ಬರುವುದಿಲ್ಲ. ಎರಡನೆಯ ಮರವನ್ನು ನಾನು ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಟ್ಟೆ. ಒಂದು ಸಲ ಮಾಡಿದ ಕೆಲಸ, ಮತ್ತೆ ಆ ತಲೆನೋವಿಲ್ಲ.

ಒಣಗಿದ್ದರೆ ಸುಲಭ. ದಿನಾ ಒಂದು ಚೊಂಬು ಹಾಕುವ ಬದಲು ವಾರಕ್ಕೆ ಒಂದು ಸಲ, ಬೇಸಿಗೆಯಲ್ಲಿ ಎರಡು ಸಲ, ಆಳಕ್ಕೆ ಇಳಿಯುವಷ್ಟು ಕೊಡಿ. ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ. ತರಗೆಲೆಗೆ ಬರವಿಲ್ಲ, ಮರವೇ ಕೊಡುತ್ತದೆ. ಕಾಂಡಕ್ಕೆ ಮಾತ್ರ ತಾಗದಂತೆ ಒಂದು ಗೇಣು ಬಿಡಿ.

ಎಲೆ ಹಳದಿ: ಹಳೆಯದೋ, ಹೊಸದೋ

ಯಾವ ಎಲೆ ಮೊದಲು ಹಳದಿಯಾಯಿತು ಎನ್ನುವುದರಲ್ಲೇ ಉತ್ತರ ಇದೆ. ಗೊಂಚಲಿನ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗಿ, ಇಡೀ ಮರ ಸ್ವಲ್ಪ ಪೇಲವವಾಗಿದ್ದರೆ ಸಾರಜನಕದ ಕೊರತೆ. ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, ಮಳೆಗಾಲದ ಶುರುವಿನಲ್ಲಿ. ಅಷ್ಟೇ.

ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಬಲೆಯ ಹಾಗೆ ಕಂಡರೆ ಅದು ಕಬ್ಬಿಣದ ಕೊರತೆ. ಇದು ಸ್ವಲ್ಪ ತಲೆ ತಿನ್ನುವ ದೋಷ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣದ ಅಂಶ ಜಾಸ್ತಿಯಾದರೆ ಬೇರಿಗೆ ಅದು ಸಿಗುವುದಿಲ್ಲ. ಪಾತ್ರೆಯಲ್ಲಿ ಅನ್ನ ಇದೆ, ಮುಚ್ಚಳ ತೆಗೆಯಲು ಬರುತ್ತಿಲ್ಲ.

ಧಾರವಾಡದ ನನ್ನ ಗೆಳೆಯನ ಮನೆಯಲ್ಲಿ ಹೀಗಾಯಿತು. ಅವನು ವಾಟ್ಸಾಪಿನಲ್ಲಿ ಫೋಟೋ ಕಳಿಸಿ, “ಯೂರಿಯಾ ಹಾಕೀನಿ, ಹಿಂಡಿ ಹಾಕೀನಿ, ಏನ್ ಮಾಡಿದ್ರೂ ಹಸಿರಾಗವಲ್ತು ನೋಡೋ” ಎಂದ. ಅಲ್ಲಿಯದು ಎರೆಮಣ್ಣು. ಅದೇ ಕಾರಣ ಇರಬೇಕು ಎಂದು ನಾನು ತೀರ್ಪು ಕೊಟ್ಟುಬಿಟ್ಟೆ. ಅದು ಅರ್ಧ ಮಾತ್ರ ಸರಿ. ಬೇಸಿಗೆ ರಜೆಯಲ್ಲಿ ಹೋದಾಗ ಬುಡದ ಮಣ್ಣು ಅಗೆದೆವು. ಒಂದಡಿ ಕೆಳಗೆ ಇಟ್ಟಿಗೆ ಚೂರು, ಗಾರೆಯ ಹೆಂಟೆ, ಮುಟ್ಟಿದರೆ ಬೂದಿಯಂತೆ ಉದುರುವ ಸಿಮೆಂಟು. ಮನೆ ಕಟ್ಟುವಾಗ ಮೇಸ್ತ್ರಿ ಗಾರೆ ಕಲಸಿದ ಜಾಗವೇ ಅದು. ಕೆಲಸ ಮುಗಿದ ಮೇಲೆ ಮೇಲೊಂದಿಷ್ಟು ಮಣ್ಣು ಎಳೆದು ಹೋಗಿದ್ದರು. ಅತ್ತಿಗೆ ಅಡುಗೆಮನೆಯಿಂದ ವಿನೆಗರ್ ತಂದುಕೊಟ್ಟರು. ತಟ್ಟೆಯಲ್ಲಿ ಆ ಮಣ್ಣು ಹರಡಿ ನಾಲ್ಕು ಚಮಚ ಹಾಕಿದೆವು. ಸೋಡಾ ಬಾಟಲಿ ತೆರೆದ ಹಾಗೆ ಬುಸ್ಸೆಂದು ನೊರೆ ಎದ್ದಿತು. ಕಾಂಪೌಂಡಿನ ಆಚೆ ಮೂಲೆಯ ಮಣ್ಣಿಗೆ ಹಾಕಿದರೆ ಅಲ್ಲೊಂದು ಇಲ್ಲೊಂದು ಗುಳ್ಳೆ, ಅಷ್ಟೇ.

ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಇದೆ. ಹೊಸ ಬಡಾವಣೆಗಳಲ್ಲಿ ಮರ ಸೊರಗಿದರೆ ನಾನು ಮೊದಲು ಮಾಡಿಸುವ ಪರೀಕ್ಷೆ ಈಗ ಇದೇ. ಎರೆಮಣ್ಣಿನಲ್ಲಿ ಸಹಜವಾಗಿಯೂ ಸುಣ್ಣದ ಹರಳು ಇರುತ್ತದೆ. ಅದಕ್ಕೇ ಬುಡದ ಮಣ್ಣು, ದೂರದ ಮಣ್ಣು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಗೆಳೆಯ ಅವತ್ತೇ ಸಿಕ್ಕಷ್ಟು ಗಾರೆಯನ್ನು ಆರಿಸಿ ತೆಗೆದ. ಹನ್ನೊಂದು ಬಾಂಡ್ಲಿ ಆಯಿತು. ದೊಡ್ಡ ಬೇರುಗಳ ನಡುವಿನದನ್ನು ಮುಟ್ಟಲಿಲ್ಲ. ಆ ಜಾಗಕ್ಕೆ ಕೆಮ್ಮಣ್ಣು ಮತ್ತು ಎರೆಗೊಬ್ಬರ ತುಂಬಿದ. ಎಲೆ ಬೇಗ ಹಸಿರಾಗಲು, ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದ. ಹತ್ತು ದಿನದ ಅಂತರದಲ್ಲಿ ಮೂರು ಸಲ. ನೆಲದ ಟೈಲ್ಸಿಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಅವನಿಗೆ ಮನೆಯಲ್ಲಿ ಬೈಗುಳ ಸಿಕ್ಕಿದ್ದು ಅದಕ್ಕೇ. ಸಿಂಪಡಣೆ ತಾತ್ಕಾಲಿಕ. ಮಣ್ಣಿಗೇ ಹಾಕುವುದಾದರೆ ಕಬ್ಬಿಣದ ಚಿಲೇಟ್ (ಸುಣ್ಣದ ಕೈಗೆ ಸಿಗದಂತೆ ಬೇರೆ ವಸ್ತುವಿನಲ್ಲಿ ಹಿಡಿದಿಟ್ಟ ಕಬ್ಬಿಣ) ಸಿಗುತ್ತದೆ, ಆದರೆ ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದು ಇದೆಯೇ ನೋಡಿ. ಅಗ್ಗಕ್ಕೆ ಸಿಗುವ ಇಡಿಟಿಎ ಬಗೆಯ ಚಿಲೇಟ್ ಸುಣ್ಣದ ಮಣ್ಣಿನಲ್ಲಿ ನಿಲ್ಲುವುದಿಲ್ಲ, ದುಡ್ಡು ದಂಡ.

ಎಲೆಯ ಅಂಚು ಮಾತ್ರ ಕಂದಾಗಿ ಸುಟ್ಟಂತಿದ್ದರೆ ಬೋರ್‌ವೆಲ್ ನೀರಿನ ಉಪ್ಪನ್ನು ಅನುಮಾನಿಸಿ. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುವ ನೀರಾದರೆ ಮರಕ್ಕೂ ಅದೇ ಪಾಡು. ಸಾಧ್ಯವಾದಷ್ಟು ಮಳೆ ನೀರು ಕೊಡಿ. ಮಳೆಗಾಲ ಕಳೆದ ಮೇಲೆ ಬಂದ ಚಿಗುರು ಚೊಕ್ಕವಾಗಿದ್ದರೆ ನಿಮ್ಮ ಅನುಮಾನ ಸರಿ.

ನೆಟ್ಟು ಮೂರು ವರ್ಷ, ಇದ್ದಷ್ಟೇ ಇದೆ

ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಇಂಥ ಗಿಡದ ಬುಡದಲ್ಲಿ ಮಂಡಿಯೂರಿ ಕುಳಿತು ಕಾಂಡ ಮಣ್ಣು ಸೇರುವ ಜಾಗ ನೋಡಿ. ಆರೋಗ್ಯದ ಮರ ಬುಡದಲ್ಲಿ ಸ್ವಲ್ಪ ಅಗಲವಾಗಿ ಆನೆಯ ಪಾದದಂತಿರುತ್ತದೆ. ದೀಪದ ಕಂಬದಂತೆ ನೇರವಾಗಿ ಮಣ್ಣೊಳಗೆ ಹೋಗಿದ್ದರೆ ಆಳಕ್ಕೆ ನೆಟ್ಟಿದ್ದೀರಿ, ಅಥವಾ ವರ್ಷವರ್ಷವೂ ಮಣ್ಣೇರಿಸಿ ಹೂತಿದ್ದೀರಿ. ಕೈಯಿಂದಲೇ ಮಣ್ಣು ಸರಿಸಿ, ಬೇರು ಕವಲೊಡೆಯುವ ಜಾಗ ಕಾಣುವವರೆಗೆ ತೆಗೆಯಿರಿ. ಗುದ್ದಲಿ ಬೇಡ.

ಹಾಗೆ ಸರಿಸುವಾಗ ಬೇರೊಂದು ಕಾಂಡದ ಸುತ್ತ ಹಗ್ಗದಂತೆ ಸುತ್ತಿಕೊಂಡಿರುವುದು ಕಾಣಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಜಾಸ್ತಿ ದಿನ ಇದ್ದ ಸಸಿಯ ಪಾಡು ಇದು. ನಮ್ಮ ಮೊದಲ ಮರ ಕಿತ್ತಾಗ ಬೇರಿನ ನಡುವೆ ನರ್ಸರಿ ಚೀಲದ ಆಕಾರ ಹಾಗೇ ಇತ್ತು, ಅಚ್ಚಿನಲ್ಲಿ ಹೊಯ್ದ ಹಾಗೆ. ನಾಲ್ಕು ವರ್ಷವೂ ಅದು ಆ ಚೀಲದೊಳಗೇ ಸುತ್ತುತ್ತಿತ್ತು. ಬೆರಳು ದಪ್ಪದ ಬೇರಾದರೆ ಚೂಪು ಕತ್ತರಿಯಿಂದ ಎರಡು ಕಡೆ ಕತ್ತರಿಸಿ ತೆಗೆಯಿರಿ. ಅದಕ್ಕಿಂತ ದಪ್ಪ ಇದ್ದು ಕಾಂಡಕ್ಕೆ ಕಚ್ಚಿಕೊಂಡಿದ್ದರೆ ಒಂದೇ ಸಲ ತೆಗೆಯಬೇಡಿ. ಈ ಮಳೆಗಾಲಕ್ಕೆ ಒಂದು, ಮುಂದಿನ ಮಳೆಗಾಲಕ್ಕೆ ಇನ್ನೊಂದು.

ಹುಳದ ಕಾಟ ಈ ಮರಕ್ಕೆ ಕಮ್ಮಿ. ಚಿಗುರು ಬಂದಾಗ ಕಂಬಳಿಹುಳ ಬರಬಹುದು. ಮರ ಚಿಕ್ಕದಾಗಿದ್ದರೆ ಎಲೆ ಸಮೇತ ಕಿತ್ತು ಸೋಪಿನ ನೀರಿಗೆ ಹಾಕಿ. ಬರಿಗೈಲಿ ಮುಟ್ಟಬೇಡಿ. ಹಿಟ್ಟು ತಿಗಣೆಗೆ ಬೇವಿನ ಎಣ್ಣೆ ಸಾಕು. ಕಾಂಡದ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಕೆರೆದು ತೆಗೆದು ಅಡಿಯ ತೊಗಟೆ ನೋಡಿ. ಬಹುಪಾಲು ಅದು ಒಣ ತೊಗಟೆಯನ್ನಷ್ಟೇ ತಿಂದಿರುತ್ತದೆ.

ಹೂವೇ ಬಿಡುತ್ತಿಲ್ಲ

ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಮೊದಲು ಮರಕ್ಕೆ ವಯಸ್ಸೆಷ್ಟು ಹೇಳಿ. ಬೀಜದಿಂದ ಬಂದ ನಾಗಲಿಂಗ ಹೂ ಬಿಡಲು ಎಂಟು ಹತ್ತು ವರ್ಷ ಬೇಕಾಗಬಹುದು, ಕೆಲವಕ್ಕೆ ಇನ್ನೂ ಜಾಸ್ತಿ. ಐದು ವರ್ಷದ ಮರಕ್ಕೆ ಹೂವಿನ ಔಷಧಿ ಹೊಡೆಯುವವರನ್ನು ನೋಡಿದ್ದೇನೆ. ಐದನೇ ಕ್ಲಾಸಿನ ಹುಡುಗನಿಗೆ ಮದುವೆ ಗಂಡು ಅಂದ ಹಾಗೆ.

ವಯಸ್ಸಾಗಿದ್ದರೆ ಬಿಸಿಲು ನೋಡಿ. ಪಕ್ಕದಲ್ಲಿ ಮೂರಂತಸ್ತಿನ ಮನೆ ಎದ್ದು ಮಧ್ಯಾಹ್ನದ ಎರಡು ಗಂಟೆ ಮಾತ್ರ ಬಿಸಿಲು ಬೀಳುತ್ತಿದ್ದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಯೂರಿಯಾ ಮೇಲಿಂದ ಮೇಲೆ ಹಾಕಿದರೂ ಹೀಗೇ. ಮರ ಸೊಕ್ಕಿ ಎಲೆಯನ್ನೇ ಬಿಡುತ್ತದೆ.

ಇವೆರಡೂ ಅಲ್ಲದಿದ್ದರೆ ಮಾಲಿಯನ್ನು ಕರೆದು ವಿಚಾರಿಸಿ. ತಮಾಷೆಯಲ್ಲ. ನಾಗಲಿಂಗದ ಹೂ ಕೊಂಬೆಯ ತುದಿಯಲ್ಲಿ ಬರುವುದಿಲ್ಲ. ಹಲಸಿನ ಹಾಗೆ ಕಾಂಡದಲ್ಲಿ ಬರುತ್ತದೆ. ದಪ್ಪ ತೊಗಟೆ ಸೀಳಿಕೊಂಡು ಸೊಟ್ಟಪಟ್ಟ ಕಡ್ಡಿಗಳು ಹೊರಡುತ್ತವೆ, ಎಲೆ ಇರುವುದಿಲ್ಲ, ಒಣಗಿದ ಬೇರಿನ ಹಾಗೆ ಕಾಣುತ್ತವೆ. ಅವೇ ಹೂಗೊಂಚಲು. ಒಂದೊಂದು ಮೂರಡಿ ದಾಟಬಹುದು, ವರ್ಷಗಟ್ಟಲೆ ಬೆಳೆಯುತ್ತಾ ಹೂ ಕೊಡುತ್ತಿರಬಹುದು.

ನಮ್ಮ ಎರಡನೆಯ ಮರಕ್ಕೆ ಒಂಬತ್ತು ವರ್ಷವಾದಾಗ ಹೀಗಾಯಿತು. ಹಬ್ಬಕ್ಕೆ ಹಿತ್ತಿಲು ಚೊಕ್ಕ ಮಾಡಲು ಒಬ್ಬರನ್ನು ಕರೆದಿದ್ದೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಕಾಂಡ ಬುಡದಿಂದ ಆಳೆತ್ತರದವರೆಗೆ ನುಣ್ಣಗಾಗಿತ್ತು.

“ಏನಪ್ಪಾ ಇದು?” ಎಂದೆ.

“ಒಣಗಿದ್ ಕಡ್ಡಿ ಸಾರ್, ಗಲೀಜಾಗಿತ್ತು. ಮಚ್ಚಲ್ಲಿ ಎಲ್ಲಾ ಸವರಿಬಿಟ್ಟೆ. ಈಗ ನೋಡಿ ಹೆಂಗದೆ!”

ರಾಶಿ ಹಾಕಿದ್ದ ಕಡ್ಡಿಗಳಲ್ಲಿ ಹುಡುಕಿದೆ. ಮೂರು ಕಡ್ಡಿಯ ತುದಿಯಲ್ಲಿ ಕಡಲೆಕಾಳಿನಷ್ಟು ಮೊಗ್ಗುಗಳು ಸಾಲಾಗಿದ್ದವು. ಅವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ, ನಾನೇ ಹೇಳಿ ಹೋಗಬೇಕಿತ್ತು. ಮತ್ತೆ ಕಡ್ಡಿ ಬಂದು ಮೊದಲ ಹೂ ಅರಳಲು ಒಂದೂವರೆ ವರ್ಷ ಹಿಡಿಯಿತು. ನಿಮ್ಮ ಮರದ ಕಾಂಡದಲ್ಲಿ ಮಚ್ಚಿನ ಗುರುತು, ಮೊಂಡು ಗಂಟುಗಳು ಇದ್ದರೆ ಕಾರಣ ಸಿಕ್ಕಿತು ಎಂದೇ ಅಂದುಕೊಳ್ಳಿ. ನಾನೀಗ ಕಾಂಡಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿದ್ದೇನೆ. ಬಂದವರು ದೇವರ ಮರ ಎಂದುಕೊಂಡು ಮುಟ್ಟುವುದಿಲ್ಲ.

ಕಡ್ಡಿ ಇದೆ, ಮೊಗ್ಗಿದೆ, ಆದರೆ ಅರಳುವ ಮೊದಲೇ ಉದುರುತ್ತದೆ ಎಂದರೆ ಬೇಸಿಗೆಯ ನೀರಿನ ಕೊರತೆ ಇರಬಹುದು. ಮೊದಲು ಹೇಳಿದ ಉಂಡೆ ಪರೀಕ್ಷೆ ಮಾಡಿ. ಅರಳಿದ ಹೂ ಒಂದೇ ದಿನಕ್ಕೆ ಉದುರುವುದು ಮಾತ್ರ ದೋಷವಲ್ಲ. ಅದರ ಬಾಳೇ ಒಂದು ದಿನ. ಬೆಳಿಗ್ಗೆ ಆರು ಗಂಟೆಗೆ ಹತ್ತಿರ ಹೋಗಿ ನಿಂತರೆ ಆ ಪರಿಮಳಕ್ಕೆ ಹತ್ತು ವರ್ಷ ಕಾದದ್ದು ಮರೆತು ಹೋಗುತ್ತದೆ.

ಕಾಯಿ ಬಿಟ್ಟಿಲ್ಲ, ಕಾಯಿ ಬಿಟ್ಟಿದೆ: ಎರಡೂ ಚಿಂತೆ

ಹೂವಿದ್ದು ಕಾಯಿಯಿಲ್ಲದಿದ್ದರೆ ದುಂಬಿ ಬರುತ್ತಿಲ್ಲ ಎಂದರ್ಥ. ಈ ಹೂವಿನಲ್ಲಿ ಮಕರಂದ ಇಲ್ಲ. ಪರಾಗವೇ ಊಟ. ಅದರಲ್ಲೂ ಎರಡು ಬಗೆ. ಹೆಡೆಯ ಕೇಸರದ ಪರಾಗ ದುಂಬಿಗೆ ತಿನ್ನಲು. ಅದನ್ನು ತೆಗೆಯಲು ದುಂಬಿ ಹೆಡೆಯ ಕೆಳಗೆ ನುಗ್ಗಿದಾಗ, ನಡುವಿನ ಲಿಂಗದ ಸುತ್ತ ಉಂಗುರದಂತೆ ನಿಂತ ಕೇಸರದ ಪರಾಗ ಬೆನ್ನಿಗೆ ಹತ್ತುತ್ತದೆ. ಬೀಜ ಕಟ್ಟುವುದು ಆ ಪರಾಗದಿಂದ. ದಪ್ಪನೆಯ ಕಪ್ಪು ಮರದುಂಬಿ ಈ ಕೆಲಸಕ್ಕೆ ಸರಿಯಾದ ಗಾತ್ರ. ಅದು ಒಣಮರದಲ್ಲಿ ತೂತು ಕೊರೆದು ಗೂಡು ಮಾಡುತ್ತದೆ. ಹಿತ್ತಿಲ ಮೂಲೆಯಲ್ಲಿ ನಾಲ್ಕು ಒಣ ಬೊಂಬು, ಒಂದು ಹಳೆ ತೊಲೆ ಬಿಟ್ಟಿರಿ. ಬೆಳಗಿನ ಹೊತ್ತು ಕೀಟನಾಶಕ ಹೊಡೆಯಬೇಡಿ.

ಆದರೆ ನನ್ನನ್ನು ಕೇಳಿದರೆ, ಮನೆಯ ಮರದಲ್ಲಿ ಕಾಯಿ ಬಿಡದಿರುವುದೇ ವಾಸಿ. ಕಾಯಿ ಮನುಷ್ಯನ ತಲೆಯಷ್ಟು ದಪ್ಪ, 20 ಸೆಂ.ಮೀ. ದಾಟುವುದು ಮಾಮೂಲಿ. ಹಣ್ಣಾಗಲು ವರ್ಷವೋ ಒಂದೂವರೆ ವರ್ಷವೋ ಬೇಕು. ಆಮೇಲೆ ಹೇಳದೆ ಕೇಳದೆ ಬೀಳುತ್ತದೆ. ಕಾರಿನ ಬಾನೆಟ್ ಉಳಿಯುವುದಿಲ್ಲ. ಮಕ್ಕಳು ಆಡುವ ಕಡೆ, ಬಟ್ಟೆ ಒಣಹಾಕುವ ಕಡೆ, ಗೇಟಿನ ಹತ್ತಿರ ಈ ಮರ ಇದ್ದರೆ ಅದೇ ದೊಡ್ಡ ದೋಷ, ಬೇರೆಲ್ಲ ಆಮೇಲೆ. ಗೋಡೆಯಿಂದ ಇಪ್ಪತ್ತು ಇಪ್ಪತ್ತೈದು ಅಡಿ ದೂರ ಬೇಕು. ತವರಲ್ಲಿ 35 ಮೀಟರ್‌ವರೆಗೆ ಬೆಳೆಯುವ ಮರ ಇದು. ಮೂವತ್ತು ನಲವತ್ತರ ಸೈಟಿನವರು ಗುಡಿಗೋ ಶಾಲೆಗೋ ಕೊಟ್ಟು, ಅಲ್ಲೇ ಹೋಗಿ ನೋಡಿ ಬರಬಹುದು.

ನಾನು ಕಾಯಿಗಳು ನಿಂಬೆಹಣ್ಣಿನಷ್ಟಿರುವಾಗಲೇ ದೋಟಿಯಿಂದ ಕತ್ತರಿಸುತ್ತೇನೆ. ಕತ್ತರಿಸುವುದು ಕಾಯಿಯ ತೊಟ್ಟನ್ನು, ಹೂ ಕಡ್ಡಿಯನ್ನಲ್ಲ. ಕೈಗೆಟುಕುವ ಎತ್ತರದಲ್ಲಿ ಒಂದೇ ಒಂದು ಬಿಡುತ್ತೇನೆ, ಅದಕ್ಕೆ ಗೋಣಿಚೀಲದ ಜೋಲಿ ಕಟ್ಟಿರುತ್ತೇನೆ. ಬೀಜಕ್ಕೆ.

ಬಿದ್ದ ಹಣ್ಣನ್ನು ಒಡೆದರೆ ತಿರುಳು ಗಾಳಿಗೆ ನೀಲಿ-ಹಸಿರಾಗುತ್ತದೆ. ವಾಸನೆ ತಡೆಯಲಾಗದ್ದು, ಮನೆಯೊಳಗೆ ಒಡೆಯಬೇಡಿ. ಒಂದು ಕಾಯಲ್ಲಿ ನೂರಾರು ಬೀಜ, ಒಂದೊಂದಕ್ಕೂ ಸಣ್ಣ ರೋಮ. ತಿರುಳನ್ನು ಬಕೆಟ್ಟಿನಲ್ಲಿ ತೊಳೆದು ಅವತ್ತೇ ಬಿತ್ತಿ. ಒಣಗಿಸಿ ಡಬ್ಬಿಯಲ್ಲಿಟ್ಟು ಮೂರು ತಿಂಗಳ ಮೇಲೆ ಹಾಕಿದ ಬೀಜ ನನಗೆ ಒಂದೂ ಹುಟ್ಟಲಿಲ್ಲ. ಮರಳು, ಕೆಮ್ಮಣ್ಣು, ಗೊಬ್ಬರ ಸಮಸಮ. ನೆರಳಲ್ಲಿಡಿ. ಮೊಳಕೆ ಬಂದು ನಾಲ್ಕು ಎಲೆಯಾದ ಮೇಲೆ ಆಳದ ಚೀಲಕ್ಕೆ ಬದಲಿಸಿ, ಬೇರು ತಳ ಮುಟ್ಟಿ ಸುತ್ತಲು ಶುರು ಮಾಡುವ ಮೊದಲೇ ನೆಲಕ್ಕೆ ಇಳಿಸಿ. ಹಾಗೆ ಇಳಿಸುವ ಮೊದಲು ಗುಂಡಿಗೆ ಎರಡು ಸಲ ನೀರು ತುಂಬಿಸಿ, ಗಡಿಯಾರ ನೋಡಿ.